ಹದಿನೇಳನೇ ಕಿಲೋಮೀಟರು

ಹಿಮ ಕರಗಿದ ಮೇಲೆ ಈ ದಾರಿ
ಹುಳುಕು ಹಲ್ಲಿನ ಬಾಯಿ.
ಗ್ರೇಡರು ಹತ್ತು, ಬ್ಲೇಡು ಇಳಿಸು,
ಉಬ್ಬು ಕೆರೆ, ತಗ್ಗು ತುಂಬು.
ಅರ್ಪಾ ನದಿಯ ಮೇಲಣ ಇಳಿಜಾರನ್ನು
ಇಪ್ಪತ್ತಾರು ವಸಂತ ಹೆರೆದಿದ್ದೇನೆ, ಗಡ್ಡ ಹೆರೆದ ಹಾಗೆ.

ಹದಿನೇಳರಲ್ಲಿ ಬ್ಲೇಡಿನ ದನಿ ಬದಲಾಗುತ್ತದೆ.
ಕಲ್ಲಾದರೆ ಕಿರುಚುತ್ತದೆ, ಮಣ್ಣಾದರೆ ಉಸಿರುತ್ತದೆ.
ಇಲ್ಲಿ ಮಾತ್ರ
ಯಾರೋ ನಾಲಿಗೆ ಲೊಚಗುಟ್ಟಿದ ಸದ್ದು.
ಪ್ರತಿ ವರ್ಷ ಕೇಳಿದ್ದೇನೆ. ಪ್ರತಿ ವರ್ಷ
ರೇಡಿಯೋ ಜೋರು ಮಾಡಿದ್ದೇನೆ.

ಈ ಸಲ ಡಾಂಬರು ಬಂತು. ಡಾಂಬರಿಗಿಂತ ಮೊದಲು
ಶುಶಾನಿಕ್ ಬಂದು ಬ್ಲೇಡಿನ ಮುಂದೆ ನಿಂತಳು,
ದೊಗಲೆ ಕೋಟು, ಕೆಸರು ಬೂಟು,
ಕೈಯಲ್ಲಿ ಸುಣ್ಣ ಹೊಡೆಯುವಂಥದೊಂದು ಕುಂಚ.
"ನಿಲ್ಲಿಸಿ" ಎಂದಳು. ಕೂಗಲಿಲ್ಲ.
ಕೂಗಿದವನು ಮೇಸ್ತ್ರಿ ಹ್ರಾಂತ್:
ಲಾರಿಗೆ ಗಂಟೆ ಲೆಕ್ಕದ ಬಾಡಿಗೆ,
ಸತ್ತವರಿಗೇನು ಅವಸರ,
ಬದುಕಿದವರು ಆಸ್ಪತ್ರೆಗೆ ಹೋಗುವ ದಾರಿ ಇದು!
ಅದೂ ಸುಳ್ಳಲ್ಲ. ನನ್ನ ಮೊಮ್ಮಗಳು ಹುಟ್ಟಿದ್ದು
ಹದಿನೆಂಟರಲ್ಲಿ, ಸೇರೋಬನ ವ್ಯಾನಿನಲ್ಲಿ,
ಎರಡು ಗುಂಡಿಗಳ ನಡುವೆ.

ಅವಳು ಮಂಡಿಯೂರಿ ಗುಡಿಸಿದಳು.
ಚಕ್ರದ ಜಾಡಿನಲ್ಲೊಂದು ಗೆರೆ.
ಗೆರೆ ಬಾಗಿತು, ಬಾಗಿ ಸುತ್ತಾಯಿತು:
ಹಗೇವಿನಷ್ಟು ದೊಡ್ಡ ಜಾಡಿಯ ಬಾಯಿ,
ದ್ರಾಕ್ಷಿರಸ ಹುಳಿಯಲೆಂದು ಯಾರೋ ಹೂತಿಟ್ಟದ್ದು,
ತುಟಿಯನ್ನು ನಾನು ವರ್ಷಕ್ಕೊಂದು ಎಳೆ ಸವೆಸಿದ್ದು.
ಪಕ್ಕದಲ್ಲಿ ಒಲೆ. ಒಲೆಯಾಚೆ ಗೋಡೆ.
ಗೋಡೆ ನೇರ ಹೋಗಿ ರಸ್ತೆಯಂಚಿನಲ್ಲಿ
ಮಾತು ಮರೆತವರಂತೆ ನಿಂತುಬಿಟ್ಟಿತು.
"ಉಳಿದರ್ಧ ಮನೆ?" ಎಂದೆ.
"ದಾರಿ ಕಡಿದಾಗ ಹೋಯಿತು, ಅರವತ್ತೆರಡರಲ್ಲಿ."

ಅರವತ್ತೆರಡರಲ್ಲಿ ಬುಲ್ಡೋಜರ್ ಓಡಿಸಿದವನು ನನ್ನಪ್ಪ.
ಹೇಳಲಿಲ್ಲ.

ನಮ್ಮನೆಯಲ್ಲೊಂದು ಬಟ್ಟಲು. ಕಪ್ಪು ಮಣ್ಣಿನದು, ಅಂಚು ಮುಕ್ಕು.
ಅಪ್ಪ ಒಂದು ಸಂಜೆ ಟೊಪ್ಪಿಗೆಯಲ್ಲಿ ಸುತ್ತಿ ತಂದದ್ದು.
ಅವ್ವ ಅದಕ್ಕೆ ಉಪ್ಪು ತುಂಬಿದಳು.
ನಾನು ಉಂಡ ಉಪ್ಪೆಲ್ಲ ಅದರದೇ.
ಆ ಋಣ ಯಾರದೆಂದು
ಐವತ್ತೆಂಟು ವರ್ಷ ನಾನೂ ಕೇಳಿಕೊಂಡಿರಲಿಲ್ಲ.

ಮರುದಿನ ಒಯ್ದೆ.
ಒಲೆಯ ಬಳಿ ಸಿಕ್ಕ ಚೂರುಗಳನ್ನು ಅವಳು
ಒಂದೊಂದಾಗಿ ಮುಕ್ಕಿಗೆ ಹಿಡಿದಳು. ನಾನು ಉಸಿರು ಹಿಡಿದೆ.
ಯಾವುದೂ ಕೂಡಲಿಲ್ಲ.
"ಇವು ಬೇರೆ ಬಟ್ಟಲಿನವು" ಎಂದು ನಕ್ಕು ರಸೀದಿ ಬರೆದಳು:
ಬಟ್ಟಲು ಒಂದು. ಒಳಗೆ ಉಪ್ಪಿನ ಕಲೆ, ಈಚಿನದು.
ಅವ್ವ ಅರಕ್ಸಿ ಈಗ
ಉಪ್ಪನ್ನು ಜಾಮಿನ ಬಾಟಲಿಯಲ್ಲಿಟ್ಟು
ನನ್ನೊಡನೆ ಮಾತು ಬಿಟ್ಟಿದ್ದಾಳೆ.

ಕೊನೆಗೆ ಅಗೆಯಲಿಲ್ಲ. ಅಗೆಯಲು ಹಣವಿಲ್ಲ.
ದಾರಿ ತಿರುಗಿಸೋಣವೆಂದರೆ
ಈ ಕಡೆ ಬಂಡೆ, ಆ ಕಡೆ ನದಿ.
ಅಳೆದರು, ಚಿತ್ರ ಬರೆದರು,
ಜಾಡಿಯ ಬಾಯಿಗೆ ಸೋಸಿದ ಮರಳು ತುಂಬಿ
ಮೇಲೆ ದಪ್ಪ ಬಿಳಿ ಬಟ್ಟೆ ಹಾಸಿದರು, ನೀರಿಳಿಯುವಂಥದು.
"ಇನ್ನು ಕೆರೆಯಬೇಡಿ" ಎಂದಳು,
"ಹೊರಗಿನ ಮಣ್ಣು ತಂದು ಏರಿಸಿ."
ಇಪ್ಪತ್ತಾರು ವರ್ಷ ಕೆರೆದವನಿಗೆ
ಹೊದಿಸುವುದು ಕಲಿಯಲು ಒಂದು ಮಧ್ಯಾಹ್ನ ಹಿಡಿಯಿತು.
ರೋಲರಿನ ಕಂಪನ ಆರಿಸಿ ಬರಿಯ ಭಾರದಲ್ಲಿ ಹೋದೆ,
ಬೂಟು ಕೈಯಲ್ಲಿ ಹಿಡಿದು
ತಡರಾತ್ರಿ ಮನೆ ಹೊಕ್ಕವನ ಹಾಗೆ.

ಹದಿನೇಳರಲ್ಲಿ ಈಗೊಂದು ಉಬ್ಬು.
ಗೇಣಿಗಿಂತ ಹೆಚ್ಚು, ಮೊಳಕ್ಕೆ ಕಡಿಮೆ.
ಬೋರ್ಡಿಲ್ಲ. ಬೋರ್ಡಿಟ್ಟರೆ
ರಾತ್ರಿ ಗುದ್ದಲಿ ಬರುತ್ತದೆ.
ಲಾರಿಯವರು ಎದ್ದು ಕುಕ್ಕರಿಸಿ ಬೈಯುತ್ತಾರೆ:
ಯಾವ ಕುಡುಕ ಸಮ ಮಾಡಿದನಪ್ಪ ಇದನ್ನು!
ಬೈಯಲಿ.
ಸೇರೋಬ್ ಮಾತ್ರ ಅಲ್ಲಿ ಗೇರು ಇಳಿಸುತ್ತಾನೆ,
ಖಾಲಿ ವ್ಯಾನಿನಲ್ಲೂ.
ಅವನಿಗೊಬ್ಬನಿಗೆ ಹೇಳಿದ್ದೇನೆ.